ಇಪ್ಪತ್ಮೂರನೇ ನಂಬರಿನ ಉತ್ತರ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಇರಲಿ. ಈ ಸಂಗತಿಯನ್ನು ಸಿಟ್ಟಿಲ್ಲದೆ ಬರೆಯಲು ನನ್ನಿಂದ ಆಗುವುದಿಲ್ಲ. ಆ ಸಿಟ್ಟಿನ ದೊಡ್ಡ ಪಾಲು ನನ್ನ ಮೇಲೆಯೇ ಇದೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಚಿಕ್ಕೋಡಿ ತಾಲೂಕಿನ ಅಂಕಲಿಯಲ್ಲಿ. ಕನ್ನಡ ಕಲಿಸುವ ಕೆಲಸ ಸಿಕ್ಕಿದ್ದು ಕಾಗವಾಡದ ಆಸುಪಾಸಿನ ಒಂದು ಹೈಸ್ಕೂಲಿನಲ್ಲಿ. ಮಕ್ಕಳೆಲ್ಲ ನನ್ನನ್ನು ಅಕ್ಕೋರು ಎನ್ನುತ್ತಾರೆ. ಅರ್ಧ ಮಕ್ಕಳ ಮನೆಮಾತು ಮರಾಠಿ, ಇನ್ನರ್ಧ ಮಕ್ಕಳದು ಕನ್ನಡ. ಆಟದ ಬಯಲಿನಲ್ಲಿ ಈ ಲೆಕ್ಕ ಯಾರಿಗೂ ಬೇಕಿಲ್ಲ. ಬೈಯುವುದು ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ನನಗೂ ಮರಾಠಿ ಚೆನ್ನಾಗಿಯೇ ಬರುತ್ತದೆ. ಬಂದೂ ಏನು ಪ್ರಯೋಜನವಾಯಿತು ಎಂಬುದು ಮುಂದಿನ ಮಾತು.

ನಮ್ಮ ಶಾಲೆಗೆ ಎಂಟು ಕಂಪ್ಯೂಟರ್ ಬಂದವು. ರೂಮಿನಲ್ಲಿ ಉಳಿದದ್ದು ಏಳು. ಎಂಟನೆಯದು ಕೆಟ್ಟಿದೆ, ರಿಪೇರಿಗೆ ಒಯ್ಯುತ್ತೇನೆ ಎಂದು ಹೆಡ್ ಸರ್ ತಮ್ಮ ಕಾರಿನಲ್ಲಿಟ್ಟುಕೊಂಡು ಹೋದರು. ಅದು ಅವರ ಮನೆಯ ಪಡಸಾಲೆಯಲ್ಲಿ ಮನೆಯ ಮಕ್ಕಳ ಆಟಕ್ಕೆ ಬಿದ್ದಿದೆ ಎಂದು ಅವರ ಓಣಿಯವರೇ ಬಂದು ಹೇಳಿದರು. ಉಳಿದ ಏಳಕ್ಕೆ ಹೂವಿನ ಚಿತ್ರದ ಹೊದಿಕೆ ಹೊಲಿಸಿದ್ದರು. ರೂಮಿನ ಕೀಲಿಕೈ ಸದಾ ಅವರ ಜೇಬಿನಲ್ಲಿ. ಮಕ್ಕಳು ಕಿಟಕಿಯ ಸರಳಿಗೆ ಮೂಗು ಹಚ್ಚಿ ಒಳಗೆ ನೋಡಿ ಹೋಗುತ್ತಿದ್ದರು. ಕಂಪ್ಯೂಟರ್‌ಗಳಿಗೆ ಧೂಳು ತಾಗಬಾರದು ಎಂದು ಇಷ್ಟೆಲ್ಲ ಜೋಪಾನ. ಮಕ್ಕಳ ಕೈಯೂ ತಾಗಲಿಲ್ಲ.

ಅವುಗಳಲ್ಲಿ ಕನ್ನಡ ಬರೆಯುವ ವ್ಯವಸ್ಥೆ ಮಾಡಿಸಿ ಎಂದು ನಾನು ಮೂರು ಸಲ ಕೇಳಿದೆ. ಮೂರನೆಯ ಸಲ ಹೆಡ್ ಸರ್ ನಕ್ಕರು.

"ಕಂಪ್ಯೂಟರ್ ಅಂದ್ರ ಇಂಗ್ಲಿಷ್‌ರೀ ಅಕ್ಕೋರ. ಕನ್ನಡಾ ಬರೀಲಿಕ್ಕೆ ನಿಮ್ಮ ಬೋರ್ಡ್ ಐತೆಲ್ಲ."

ಆ ನಗು ನನಗೆ ಇನ್ನೂ ನೆನಪಿದೆ. ಮೈಯೆಲ್ಲ ಉರಿದುಹೋಗಿತ್ತು. ಆ ಉರಿಯೇ ಮುಂದೆ ನನ್ನ ಕಣ್ಣಿಗೆ ಮಣ್ಣೆರಚಿತು.

ಒಂದು ದಿನ ಮೇಲಿನಿಂದ ಸೂಚನೆ ಬಂತು. ಇಂಟರ್‌ನೆಟ್ಟನ್ನು ಜವಾಬ್ದಾರಿಯಿಂದ ಬಳಸುವುದು ಹೇಗೆಂದು ಮಕ್ಕಳಿಗೆ ಹೇಳಿಕೊಡಬೇಕು, ಹೇಳಿಕೊಟ್ಟ ಫೋಟೋ ಕಳಿಸಬೇಕು. ಫೋಟೋ ಎಂದ ಕೂಡಲೇ ಕೀಲಿಕೈ ಜೇಬಿನಿಂದ ಹೊರಗೆ ಬಂತು. ಒಂಬತ್ತನೇ ಇಯತ್ತೆಯ ಮಕ್ಕಳನ್ನು ರೂಮಿನಲ್ಲಿ ಕೂರಿಸಿ ಹೆಡ್ ಸರ್ ತಾವೇ ಪಾಠ ಮಾಡಿದರು. ಕಾಗದದಲ್ಲಿದ್ದ ನಿಯಮಗಳನ್ನು ಒಂದೊಂದಾಗಿ ಓದಿದರು. ವಿಚಾರ ಮಾಡದೆ ಏನನ್ನೂ ಬರೆಯಬಾರದು, ಇನ್ನೊಬ್ಬರು ಬರೆದದ್ದನ್ನು ಅವರನ್ನು ಕೇಳದೆ ಯಾರಿಗೂ ಕಳಿಸಬಾರದು, ಹಿರಿಯರಿಗೆ ಮರ್ಯಾದೆ ಕೊಟ್ಟು ಬರೆಯಬೇಕು, ಹೀಗೆ. ಒಳ್ಳೆಯ ನಿಯಮಗಳೇ. ನಾನೂ ಅದೇ ವಾರ ಎಂಟನೇ ಇಯತ್ತೆಗೆ ಅವನ್ನೇ ಬೋರ್ಡಿನ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದೆ.

ಇಂಟರ್‌ನೆಟ್ ಇದ್ದದ್ದು ಒಂದೇ ಕಂಪ್ಯೂಟರಿಗೆ. ಅದರಲ್ಲಿ ಪಾಲಕರ ಮೊಬೈಲ್ ಗ್ರೂಪನ್ನು ಶಾಲೆಯ ನಂಬರಿನಿಂದ ತೆರೆದಿಟ್ಟರು. ಪಾಠ ತಿಳಿಯಿತೇ ಇಲ್ಲವೇ ಎಂದು ಒಬ್ಬೊಬ್ಬರೇ ಬಂದು ಹಾಜರಿ ನಂಬರು ಹಾಕಿ ಬರೆಯಬೇಕೆಂದು ಹೇಳಿದರು. ಪಾಲಕರೆಲ್ಲ ನೋಡಲಿ ಎಂಬ ಆಸೆ. ಕನ್ನಡ ಅಕ್ಷರ ಇಲ್ಲವಲ್ಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಮಕ್ಕಳು ಒಂದೊಂದು ಅಕ್ಷರ ಹುಡುಕಿ, ಒಂದೇ ಬೆರಳಿನಿಂದ ಒತ್ತಿ ಬರೆದರು. ಬಹಳ ಮಕ್ಕಳು ಎಸ್ ಸರ್ ಎಂದರು. ಕೆಲವರು ಓಕೆ ಎಂದರು.

ನಾನು ಸ್ಟಾಫ್ ರೂಮಿನಲ್ಲಿ ಕೂತು ನನ್ನ ಮೊಬೈಲಿನಲ್ಲಿ ಇದನ್ನೆಲ್ಲ ನೋಡುತ್ತಿದ್ದೆ. ಇಪ್ಪತ್ಮೂರನೇ ನಂಬರಿನ ಉತ್ತರ ಬಂತು. ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಶಬ್ದ. ನಾನು ಅದನ್ನು ಓದಿಕೊಂಡದ್ದು ಹೀಗೆ: ಸರ್ ಕಳ್ಳ.

ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಎಂಟನೆಯ ಕಂಪ್ಯೂಟರ್ ಎಲ್ಲಿದೆ ಎಂದು ನಾವು ದೊಡ್ಡವರು ಯಾರೂ ಬಾಯಿ ಬಿಟ್ಟು ಕೇಳಿರಲಿಲ್ಲ. ಒಬ್ಬ ಹುಡುಗಿ ಎಲ್ಲರೆದುರು ಬರೆದುಬಿಟ್ಟಳಲ್ಲ! ಇಪ್ಪತ್ಮೂರು ಯಾರೆಂದು ನನಗೆ ಗೊತ್ತಿತ್ತು. ಮಂಗಸೂಳಿ ಮಲ್ಲಯ್ಯನ ಗುಡಿಯ ಮುಂದೆ ತೆಂಗಿನಕಾಯಿ, ಭಂಡಾರದ ಅರಿಸಿನ ಮಾರುವವರ ಮಗಳು. ನನ್ನ ತರಗತಿಯಲ್ಲಿ ಮೊದಲನೇ ಬೆಂಚಿನವಳು. ಮನೆಯಲ್ಲಿ ಮರಾಠಿ ಮಾತಾಡಿಕೊಂಡೇ ಒಂದನೆಯಿಂದ ಕನ್ನಡದಲ್ಲಿ ಓದಿ, ಹಳಗನ್ನಡದ ಪದ್ಯವನ್ನು ತಡವರಿಸದೆ ಓದುತ್ತಿದ್ದಳು. ಹತ್ತನೇ ಮುಗಿಸಿ ಅಥಣಿಯ ಕಾಲೇಜಿಗೆ ಹೋಗುತ್ತೇನೆ ಎಂದು ನನ್ನ ಮುಂದೆಯೇ ಎಷ್ಟೋ ಸಲ ಹೇಳಿದ್ದಳು.

ಇಷ್ಟು ಗೊತ್ತಿದ್ದವಳು ಎದ್ದು ಹತ್ತು ಹೆಜ್ಜೆ ನಡೆದು ಅವಳನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಮೊಬೈಲಿನಲ್ಲಿ ಆ ಉತ್ತರದ ಫೋಟೋ ಹಿಡಿದೆ. ಬೇರೆ ಬೇರೆ ಶಾಲೆಯ ಗೆಳತಿಯರ ಗ್ರೂಪಿಗೆ ಕಳಿಸಿದೆ. "ನಮ್ಮ ಹುಡುಗಿಯ ಧೈರ್ಯ ನೋಡ್ರೇ" ಎಂದು ಕೆಳಗೆ ಬರೆದು ನಗುವ ಮುಖ ಅಂಟಿಸಿದೆ. ಕೇಳದೆ ಕಳಿಸಬಾರದೆಂದು ನಾನು ಬೋರ್ಡಿನ ಮೇಲೆ ಬರೆದದ್ದನ್ನು ಎಂಟನೇ ಇಯತ್ತೆಯವರು ಅಷ್ಟು ಹೊತ್ತಿಗೆ ವಹಿಯಲ್ಲಿ ಇಳಿಸಿಕೊಂಡೂ ಆಗಿತ್ತು.

ಆ ಫೋಟೋಗೆ ಎಲ್ಲಿಂದ ಕಾಲು ಬಂದವೋ. ಸಂಜೆ ಶಾಲೆ ಬಿಡುವ ಹೊತ್ತಿಗೆ ಅದು ಊರಿನ ಚಹಾದ ಅಂಗಡಿಯಲ್ಲಿತ್ತು, ಮಂಗಸೂಳಿಯ ಗುಡಿಯ ಮುಂದಿತ್ತು, ನಿಪ್ಪಾಣಿಯಲ್ಲಿದ್ದ ನನ್ನ ತಂಗಿಯ ಮೊಬೈಲಿನಲ್ಲೂ ಇತ್ತು. "ಅಕ್ಕಾ, ಇದು ನಿಮ್ಮ ಸಾಲೀದೇನ?" ಎಂದು ಅವಳೇ ನನಗೆ ತಿರುಗಿ ಕಳಿಸಿದಳು.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಹೆಡ್ ಸರ್ ಇಪ್ಪತ್ಮೂರನೇ ನಂಬರನ್ನು ಮುಂದೆ ಕರೆದರು. ಅವಳು ಬಹುಮಾನಕ್ಕೆ ಕರೆದರೆಂಬಂತೆ ಲಗುಬಗೆಯಿಂದ ಬಂದು ನಿಂತಳು. ಹೆಡ್ ಸರ್ ಮುಖ ಕೆಂಪಗಾಗಿತ್ತು. ಇಡೀ ಶಾಲೆಯೆದುರು ಅವಳನ್ನು ಬಾಯಿಗೆ ಬಂದಂತೆ ಬೈದರು. ಅಪ್ಪ ಅವ್ವನನ್ನೂ ಬಿಡಲಿಲ್ಲ. ಆಕೆ ಏನು ತಪ್ಪು ಮಾಡಿದ್ದಾಳೆಂದು ಮಾತ್ರ ಹೇಳಲಿಲ್ಲ. ಹೇಳಬೇಕೆಂದರೆ ಆ ಶಬ್ದವನ್ನು ಅವರ ಬಾಯಿಂದಲೇ ಆಡಬೇಕಾಗುತ್ತಿತ್ತು.

"ಹಿರಿಯಾರಿಗೆ ಹೆಂಗ ಬರೀಬೇಕಂತ ನಿನ್ನೆ ಹೇಳಿದ್ನಿಲ್ಲ? ಇನ್ನ ಮ್ಯಾಲ ಹಿಂಗ ಬರೀಬಾರದು. ಕಳ್ಳ ಕಾ?"

ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ಕಳ್ಳ, ಸರ್."

ನನಗೆ ಆಗ ಹೊಳೆಯಿತು. ಕಳ್ಳ ಕಾ ಎಂದರೆ ಮರಾಠಿಯಲ್ಲಿ ತಿಳಿಯಿತೇ ಎಂದರ್ಥ. ಪುಸ್ತಕದಲ್ಲಿ ಅದು ಕಳಲಂ; ನಮ್ಮ ಭಾಗದ ಬಾಯಲ್ಲಿ ಸವೆದು ಕಳ್ಳ ಆಗುತ್ತದೆ. ಹೆಡ್ ಸರ್ ಪ್ರತಿ ಪಾಠದಲ್ಲೂ ಪ್ರತಿ ಐದು ನಿಮಿಷಕ್ಕೆ ಹೀಗೆ ಕೇಳುತ್ತಾರೆ. ಮಕ್ಕಳು ಕಳ್ಳ ಸರ್, ಕಳ್ಳ ಸರ್ ಎಂದು ಒಕ್ಕೊರಲಿನಿಂದ ಉತ್ತರ ಕೊಡುವುದು ನನ್ನ ತರಗತಿಗೂ ಕೇಳುತ್ತದೆ. ಕಂಪ್ಯೂಟರ್ ರೂಮಿನಲ್ಲೂ ಅವರು ಕೇಳಿದ್ದು ಹಾಗೆಯೇ, ಅವಳು ಬರೆದದ್ದೂ ಅದೇ. ಸರ್, ತಿಳಿಯಿತು. ಅಷ್ಟೇ. ಕಿವಿಗೆ ಬಿದ್ದಿದ್ದರೆ ಯಾರಿಗೂ ಅನುಮಾನವೇ ಬರುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬಿದ್ದ ಮೇಲೆ ಅದಕ್ಕೆ ಮರಾಠಿಯೂ ಇಲ್ಲ, ಕನ್ನಡವೂ ಇಲ್ಲ, ಓದುವವರ ಮನಸ್ಸಿನಲ್ಲಿ ಇದ್ದದ್ದೇ ಅರ್ಥ. ಹೆಡ್ ಸರ್ ಮನಸ್ಸಿನಲ್ಲಿ ಎಂಟನೆಯ ಕಂಪ್ಯೂಟರ್ ಇತ್ತು. ನನ್ನ ಮನಸ್ಸಿನಲ್ಲಿ ಹೆಡ್ ಸರ್ ಇದ್ದರು.

ಸಾಲಿನಲ್ಲಿದ್ದ ಮಕ್ಕಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೆಡ್ ಸರ್‌ಗೂ ಆ ಕ್ಷಣದಲ್ಲೇ ತಿಳಿಯಿತು. ಅವರ ಮುಖ ನೋಡಿದವರಿಗೆ ಗೊತ್ತಾಗುವಂತಿತ್ತು. ಆದರೂ ಅವರು ಹೇಳಿದ್ದು ಏನು? ನಾಳೆ ಅಪ್ಪನನ್ನು ಕರೆದುಕೊಂಡು ಬಾ, ಅಲ್ಲಿಯವರೆಗೆ ತರಗತಿಗೆ ಕಾಲಿಡಬೇಡ ಎಂದು.

ನಾನು ಅವರ ಹಿಂದೆಯೇ ಅವರ ರೂಮಿಗೆ ನುಗ್ಗಿದೆ. ದನಿ ಏರಿಸಿಯೇ ಹೇಳಿದೆ: "ಸರ್, ಅಕಿ ಮರಾಠ್ಯಾಗ ಬರದಾಳ್ರಿ. ನೀವ ಕೇಳಿದ್ದಕ್ಕ ಉತ್ತರಾ ಕೊಟ್ಟಾಳ."

ಅವರು ಬಾಗಿಲು ಮುಂದೆ ಮಾಡಿ ನಿಧಾನವಾಗಿ ಕೂತರು. "ಈಗ ನನಗೂ ತಿಳದತ್ರಿ. ಆದ್ರ ಊರೆಲ್ಲಾ ಓದೇತಿ. ನಾ ಈಗ ಹಿಂದ ಸರದ್ರ ಮಂದಿ ಏನಂತಾರ? ಸರ್ ಅಂಜಿದ, ಅದಕ್ಕ ಮಾತ ತಿರುವಿದ ಅಂತಾರ. ಗ್ರೂಪಿನ್ಯಾಗಿಂದ ಅಳಿಸೇನಿ, ಮುಗೀತ. ಬೇಕಾದ್ರ ಒಂದ ಕೆಲಸಾ ಮಾಡ್ರಿ. ಆ ಫೋಟೋ ಹಿಡದ ಹಂಚಿದವರು ಯಾರಂತ ಹುಡುಕಿ ಕೊಡ್ರಿ. ಅವರಿಂದ ಹೇಳಸೂಣು."

ನಾನೇ ಎಂದು ಅಲ್ಲೇ ಹೇಳಬೇಕಿತ್ತು. ಹೇಳಿದ್ದರೆ ಆ ಹುಡುಗಿ ಆವತ್ತೇ ತನ್ನ ಬೆಂಚಿಗೆ ಹೋಗುತ್ತಿದ್ದಳು. ಕೆಲಸದ ಮೇಲೆ ಕುತ್ತು ಬಂದರೆ, ಸ್ಟಾಫ್ ರೂಮಿನಲ್ಲಿ ಮುಖ ಹೇಗೆ ತೋರಿಸಲಿ, ಮನೆಯಲ್ಲಿ ಏನೆನ್ನುತ್ತಾರೆ ಎಂದೆಲ್ಲ ಲೆಕ್ಕ ಹಾಕಿಕೊಂಡು ಹೊರಗೆ ಬಂದೆ. ಎರಡು ದಿನ ಸುಮ್ಮನಿದ್ದೆ. ಹೆಡ್ ಸರ್ ಮೇಲೆ ಹಲ್ಲು ಕಡಿದದ್ದೇ ಕಡಿದದ್ದು. ಹುಡುಗಿಯ ಅಪ್ಪ ಬರಲಿಲ್ಲ; ಆ ಎರಡು ದಿನ ಮೊದಲನೇ ಬೆಂಚಿನಲ್ಲಿ ಒಂದು ಜಾಗ ಖಾಲಿಯಿತ್ತು. ಅದರ ಎದುರೇ ನಿಂತು ಪಾಠ ಮಾಡಿದ ನನ್ನ ಭಂಡತನಕ್ಕೆ ಏನೆನ್ನಬೇಕು?

ಮೂರನೆಯ ದಿನ ಮಧ್ಯಾಹ್ನದ ಬಿಡುವಿನಲ್ಲಿ ಪಾಲಕರ ಗ್ರೂಪಿನಲ್ಲಿ ಎಲ್ಲ ಬರೆದೆ. ಕನ್ನಡ ಅಕ್ಷರದಲ್ಲೊಮ್ಮೆ, ಮರಾಠಿ ಅಕ್ಷರದಲ್ಲೊಮ್ಮೆ. ಆ ಶಬ್ದದ ಅರ್ಥ ಇದು, ಹುಡುಗಿಯ ತಪ್ಪು ಎಳ್ಳಷ್ಟೂ ಇಲ್ಲ, ಫೋಟೋ ಕಳಿಸಿದವಳು ನಾನು, ಕ್ಷಮಿಸಿ ಎಂದು. ಗೆಳತಿಯರ ಗ್ರೂಪಿಗೂ ಹಾಕಿದೆ. ಎಲ್ಲರಿಗೂ ಕಳಿಸಿ ಎಂದು ಕೈಮುಗಿದು ಬೇಡಿಕೊಂಡೆ.

ಒಬ್ಬರು ಹೆಬ್ಬೆರಳು ತೋರಿಸಿದರು. ಇನ್ನೊಬ್ಬರು ಶುಭೋದಯದ ಹೂವು ಹಾಕಿದರು, ಅದೂ ಮಧ್ಯಾಹ್ನ. ಅಷ್ಟೇ. ಕಳ್ಳ ಎಂಬ ಶಬ್ದವನ್ನು ತಾಲೂಕಿನಿಂದ ತಾಲೂಕಿಗೆ ದಾಟಿಸಿದ ಬೆರಳುಗಳಿಗೆ ಇದನ್ನು ದಾಟಿಸಲು ಪುರುಸೊತ್ತಿರಲಿಲ್ಲ. ನನ್ನ ತಂಗಿಗೂ ಅದು ಬೇರೆ ಯಾರಿಂದಲೂ ಹೋಗಲಿಲ್ಲ, ನಾನೇ ಕಳಿಸಬೇಕಾಯಿತು. ಈ ಜನಕ್ಕೆ ಏನು ಬಂದಿದೆ ಎಂದು ಕೂಗಾಡಿದೆ. ಕೂಗಾಡುವ ಯೋಗ್ಯತೆ ನನಗೆ ಎಲ್ಲಿತ್ತು?

ಭಾನುವಾರ ಮಂಗಸೂಳಿಗೆ ಹೋದೆ. ಗುಡಿಯ ಮುಂದೆ ಭಕ್ತರ ಗದ್ದಲ. ಹುಡುಗಿ ಅಪ್ಪನ ಪಕ್ಕದಲ್ಲಿ ಕೂತು ಭಂಡಾರದ ಪೊಟ್ಟಣ ಕಟ್ಟುತ್ತಿದ್ದಳು. ಬೆರಳೆಲ್ಲ ಹಳದಿಯಾಗಿದ್ದವು. ಅಪ್ಪ ಎದ್ದು ನಿಂತು ನನಗೆ ಸ್ಟೂಲು ಕೊಟ್ಟರು, ಚಹಾ ತರಿಸಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನೀವು ಬರದದ್ದು ಓದೇನ್ರಿ ಅಕ್ಕೋರ," ಎಂದರು. "ನನಗ ಮರಾಠೀ ಓದಾಕ ಬರತೈತಿ. ಖರೇ ನಾ ಓದಿ ಏನ ಮಾಡ್ಲಿ? ಇಲ್ಲಿ ಕಾಯಿ ತಗೊಳ್ಳಾಕ ಬಂದಾವ್ರು, 'ಮಾಸ್ತರಗ ಕಳ್ಳ ಅಂದಾಕಿ ಇಕೀನ ಏನೋ?' ಅಂತ ನಕ್ಕ ಹೋಗತಾರ. ಎಷ್ಟ ಮಂದಿಗೆ ತಿಳಿಸಿ ಹೇಳ್ಲಿ? ಮಿರಜ ಕಡೆ ಇಕೀ ಮಾವ ಅದಾನ. ಅಲ್ಲಿ ಮರಾಠೀ ಸಾಲಿಗೆ ಹಾಕತೇನ್ರಿ."

ಆ ಶಾಲೆಯಲ್ಲಿ ಎಂಟನೇ ಇಯತ್ತೆಗೆ ತೆಗೆದುಕೊಳ್ಳುತ್ತಾರಂತೆ, ಮರಾಠಿ ಬರೆದು ರೂಢಿಯಿಲ್ಲವಲ್ಲ. ಒಂಬತ್ತು ವರ್ಷ ಕನ್ನಡದಲ್ಲಿ ಓದಿದ ಹುಡುಗಿ ಒಂದು ವರ್ಷ ಹಿಂದೆ ಕೂತು ಮೊದಲಿನಿಂದ ಬರೆಯಲು ಕಲಿಯಬೇಕು. ಬೇಡ ಎಂದೆ, ನಾನೇ ದಿನಾ ಜೊತೆಗಿರುತ್ತೇನೆ ಎಂದೆ, ಹೆಡ್ ಸರ್‌ರಿಂದ ಎಲ್ಲರೆದುರು ಹೇಳಿಸುತ್ತೇನೆ ಎಂದೆ. ಅಪ್ಪ ಬೇಡವೆಂದು ತಲೆಯಾಡಿಸುತ್ತ ಗಿರಾಕಿಗೆ ಕಾಯಿ ಆರಿಸಿಕೊಟ್ಟರು.

ಹುಡುಗಿ ಅಲ್ಲಿಯವರೆಗೂ ತಲೆ ಎತ್ತಿರಲಿಲ್ಲ. ಪೊಟ್ಟಣ ಕಟ್ಟುತ್ತಲೇ ಮೆಲ್ಲಗೆ ಕೇಳಿದಳು.

"ಅಕ್ಕೋರ, ನನ್ನ ಯಾಕ ಕೇಳಲಿಲ್ರಿ? ನಾ ಅಲ್ಲೇ ಇದ್ನೆಲ್ರಿ, ಮೊದಲನೇ ಬೆಂಚಿನ್ಯಾಗ. ಕರದ ಕೇಳಿದ್ರ ಹೇಳತಿದ್ನಿ."

ಮರುವಾರ ಅಪ್ಪ ಮಗಳು ಶಾಲೆ ಬಿಟ್ಟ ದಾಖಲೆ ಪತ್ರಕ್ಕೆ ಬಂದರು. ಆಫೀಸಿನ ಕೆಲಸದವರು ರಜೆಯಲ್ಲಿದ್ದುದರಿಂದ ಕಂಪ್ಯೂಟರಿನಲ್ಲಿ ತುಂಬುವ ಕೆಲಸ ನನಗೇ ಬಂತು. ಶಾಲೆ ಬಿಡಲು ಕಾರಣ ಎಂಬಲ್ಲಿ ನಾನು ಬೆರಳು ಆಡಿಸದೆ ಕೂತೆ. ನನ್ನ ಹೆಸರು ಹಾಕುತ್ತೇನೆ ಎಂದು ಹೆಡ್ ಸರ್‌ಗೆ ಹೇಳಿದೆ. ಹುಚ್ಚಾಟ ಆಡಬೇಡಿ, ಹಾಗೆ ಬರೆದರೆ ಮುಂದಿನ ಶಾಲೆಯವರು ನೂರು ಪ್ರಶ್ನೆ ಕೇಳುತ್ತಾರೆ, ತೊಂದರೆಯಾಗುವುದು ಹುಡುಗಿಗೇ ಎಂದರು. ಆ ಮಾತು ನಿಜವಿತ್ತು, ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಪಾಲಕರ ಇಚ್ಛೆಯಂತೆ ಎಂದು ಇಂಗ್ಲಿಷಿನಲ್ಲಿ ತುಂಬಿ ಕಾಗದ ತೆಗೆದುಕೊಟ್ಟೆ.

ಹುಡುಗಿ ಅದನ್ನು ಮೇಲಿನಿಂದ ಕೆಳಗಿನವರೆಗೆ ಓದಿದಳು. ಕಾರಣದ ಸಾಲಿಗೆ ಬಂದು ನಿಂತಳು, ನನ್ನ ಮುಖ ನೋಡಿದಳು. ಇಂಗ್ಲಿಷ್ ಓದಲು ಬಾರದ ಅಪ್ಪ ಅವಳ ಹೆಗಲ ಮೇಲಿನಿಂದ ಬಗ್ಗಿ, ಅಲ್ಲಿ ಏನು ಬರೆದಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದರು.

"ಕಾಹೀ ನಾಹೀ, ಬಾಬಾ," ಎಂದಳು. ಏನಿಲ್ಲ, ಬಾಬಾ.

ಕಾಗದವನ್ನು ನಾಲ್ಕಾಗಿ ಮಡಚಿ ಅಪ್ಪನ ಜೇಬಿನಲ್ಲಿಟ್ಟಳು. ನನಗೆ ನಮಸ್ಕಾರ ಮಾಡಿ ಹೊರಟಳು.