ಎಣಿಕೆಯಕ್ಕನ ಕೈ

ಆ ಬೀದಿಯಲ್ಲಿ ಎಣಿಕೆಯಕ್ಕ ಅಂದರೆ ಸಾಕು, ಗೊತ್ತಿಲ್ಲದವರಿಲ್ಲ. ಗಂಡ ಸತ್ತ ಮೇಲೆ ಇಪ್ಪತ್ತೆರಡು ವರ್ಷ ಬೇಕರಿಯನ್ನು ಒಬ್ಬಳೇ ಹಿಡಿದು ನಿಲ್ಲಿಸಿದ ಹೆಂಗಸು. ಬಾಯಿ ಮಾತ್ರ, ಅಬ್ಬಬ್ಬಾ, ಒಲೆಗಿಂತ ಬಿಸಿ. ಅವಳದು ಸೌದೆ ಒಲೆ. ಕೆಂಡವನ್ನೆಲ್ಲ ಹೊರಗೆಳೆದು, ಒಳನೆಲವನ್ನು ಒದ್ದೆ ಗೋಣಿಯಲ್ಲಿ ಒರೆಸಿದ ಮೇಲೆ ಅವಳು ಬಲಗೈಯನ್ನು ಮಣಿಕಟ್ಟಿನವರೆಗೆ ಒಲೆಯೊಳಗೆ ಚಾಚಿ, ಹೊರಗೆ ನಿಂತ ಗಿರಾಕಿಗಳಿಗೂ ಕೇಳುವಂತೆ ಎಣಿಸುತ್ತಿದ್ದಳು. ಎಂಟಕ್ಕೆ ಕೈ ತಾನಾಗಿ ಹಿಂದೆ ಬಂದರೆ ಬ್ರೆಡ್ಡಿಗೆ ಹದ. ಐದಕ್ಕೇ ಬಂದರೆ ಒಲೆ ಅತಿಯಾಗಿ ಕಾದಿದೆ, ಬಾಗಿಲು ತೆರೆದಿಟ್ಟು ಕಾಯಬೇಕು. ಹನ್ನೆರಡಕ್ಕೆ ಬಂದರೆ ಬಿಸ್ಕತ್ತು ಇಡಬಹುದು. ಶಾಖ ಅಳೆಯುವ ಮೀಟರು ಮಾರಲು ಬಂದವನೊಬ್ಬನನ್ನು, "ನನ್ನ ಕೈಗೆ ಬ್ಯಾಟರಿ ಬೇಡಪ್ಪ, ನಡಿ ನಡಿ" ಎಂದು ಮೆಟ್ಟಿಲಿಳಿಸಿದ್ದಳು.

ಒಲೆಗೆ ಸೌದೆ ಹಾಕುವವನು ಅವಳ ಒಡಹುಟ್ಟಿದ ತಮ್ಮ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಅಕ್ಕನ ಬೈಗುಳವನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾ, "ಆಯ್ತಕ್ಕ" ಅಂದು ಅಂದು ಅವನಿಗೆ ತಲೆ ನರೆತಿತ್ತು.

ಮೊದಲು ಹೋಗಿದ್ದು ಚಪ್ಪಲಿ. ಒಂದು ಸಂಜೆ ಮನೆಯಲ್ಲಿ ನೋಡಿಕೊಂಡರೆ ಎಡಗಾಲು ಬರಿಗಾಲು. ದಾರಿಯಲ್ಲೆಲ್ಲೋ ಕಳಚಿಕೊಂಡಿದ್ದು ಅವಳಿಗೆ ತಿಳಿದೇ ಇರಲಿಲ್ಲ. ತಿಳಿಯಲಿಲ್ಲ ಅಂತ ಒಪ್ಪಿಕೊಳ್ಳುವ ಜಾಯಮಾನವೇ ಅದು? ಎರಡನ್ನೂ ಹೊಸ್ತಿಲಲ್ಲೇ ಬಿಟ್ಟಿದ್ದೆ ಎಂದು ಪಕ್ಕದ ಮನೆ ದರ್ಜಿಯ ಹೆಂಡತಿಯ ಮೇಲೆ ಏರಿ ಹೋದಳು. ಆಕೆಯೂ ಕಮ್ಮಿಯಲ್ಲ. "ಒಂದೇ ಚಪ್ಪಲಿ ಕದ್ದು ನಾನೇನು ಕುಂಟಿಕೊಂಡು ಓಡಾಡ್ಲಾ?" ಅಂದಳು. ಬೀದಿಯೆಲ್ಲ ನಕ್ಕಿತು. ಆಮೇಲೆ ಅಂಗಾಲಿನಲ್ಲಿ ಇರುವೆ ಹರಿದಂತಾಗತೊಡಗಿತು. ಎಣಿಕೆಯಕ್ಕ ಮಂಚದ ಸುತ್ತ ಇರುವೆ ಪುಡಿ ಎರಚಿದಳು. ಬೆಳಿಗ್ಗೆ ನೋಡಿದರೆ ಸತ್ತ ಇರುವೆ ಒಂದೂ ಇರಲಿಲ್ಲ. ಪುಡಿ ಕೊಟ್ಟ ಅಂಗಡಿಯವನಿಗೂ ಮಂಗಳಾರತಿಯಾಯಿತು.

ಅದಾಗಿ ಒಂದೂವರೆ ವರ್ಷಕ್ಕೆ ಎಣಿಕೆ ಕೆಟ್ಟಿತು. ಎಂಟಕ್ಕೆ ಬರುತ್ತಿದ್ದ ಕೈ ಹತ್ತಾದರೂ ಬರಲಿಲ್ಲ. "ಒಲೆ ತಣ್ಣಗಿದೆ, ಇನ್ನೂ ಸೌದೆ ಹಾಕು" ಎಂದಳು. ತಮ್ಮ ಹಾಕಿದ. ಬ್ರೆಡ್ಡು ಮೇಲೆ ಕರಿ, ಒಳಗೆ ಹಸಿ ಹಿಟ್ಟು.

"ಅಕ್ಕ, ಒಲೆ ಜಾಸ್ತಿ ಕಾದಿತ್ತು."

"ನನಗೆ ಹೇಳಿಕೊಡ್ತೀಯಾ? ಹತ್ತು ಎಣಿಸಿದೀನಿ, ಹತ್ತು! ಹಸಿ ಸೌದೆ ತುರುಕಿ, ಆಮೇಲೆ ಒಮ್ಮೆಗೇ ಉರಿ ಎಬ್ಬಿಸ್ತೀಯ."

ಮುಂದಿನ ತಿಂಗಳು ಹನ್ನೊಂದು. ಅದರ ಮುಂದಿನ ತಿಂಗಳು ಹದಿಮೂರು. ತಿಂಗಳಿಗೆ ಬರಬೇಕಾದ ಸೌದೆ ಹದಿನೈದೇ ದಿನಕ್ಕೆ ಮುಗಿಯಿತು. ಎಣಿಕೆಯಕ್ಕ ಖಾಲಿಯಾದ ಮೂಲೆಯನ್ನೇ ದಿಟ್ಟಿಸಿದಳು. ಒಲೆ ಕಾಯುತ್ತಿಲ್ಲ, ಸೌದೆಯೂ ಇಲ್ಲ. ಹಾಗಾದರೆ ಅದು ಹೋಗಿದ್ದೆಲ್ಲಿಗೆ? ಅವಳ ಲೆಕ್ಕಕ್ಕೆ ಉತ್ತರ ಒಂದೇ ಇತ್ತು, ಆ ಉತ್ತರ ಕೆಂಡ ಎಳೆಯುತ್ತಾ ಬೆವರು ಸುರಿಸುತ್ತಾ ಎದುರಿಗೇ ನಿಂತಿತ್ತು.

ಮಧ್ಯಾಹ್ನದ ಬ್ರೆಡ್ಡಿಗೆ ನಾಲ್ಕು ಜನ ಕಾದು ನಿಂತಿದ್ದಾಗಲೇ ಅವಳು ಬಾಯಿಬಿಟ್ಟಳು. "ಮನೆಯವನೇ ಕದ್ದರೆ ಬೀಗ ಯಾರಿಗೆ ಹಾಕೋದು? ಸೌದೆ ಯಾರಿಗೆ ಮಾರಿದೆ, ಹೇಳೋ ಕಳ್ಳ!"

ತಮ್ಮ ಕೆಂಡದ ಕೋಲನ್ನು ಗೋಡೆಗೆ ಒರಗಿಸಿದ. "ಏನಂದೆ?"

"ಕಳ್ಳ ಅಂದೆ. ಕಿವಿ ಕೇಳಲ್ವಾ?"

ಅವನು ಸೊಂಟಕ್ಕೆ ಸುತ್ತಿದ್ದ ಗೋಣಿ ಬಿಚ್ಚಿ ಅವಳ ಕಾಲ ಬಳಿ ಎಸೆದ. "ಇಪ್ಪತ್ತೆರಡು ವರ್ಷ ನಿನ್ನ ಬೈಗುಳ ತಿಂದಿದೀನಿ ಅಕ್ಕ. ಇದನ್ನ ಮಾತ್ರ ತಿನ್ನಲ್ಲ." ಗಿರಾಕಿಗಳು ದಾರಿ ಬಿಟ್ಟರು. ಅವನು ತಿರುಗಿ ನೋಡದೆ ಹೋದ.

"ಹೋಗಲಿ, ಪೀಡೆ ತೊಲಗಿತು" ಎಂದಳು ಎಣಿಕೆಯಕ್ಕ. ಮರುದಿನ ಹೊಸ ಸೌದೆ ತರಿಸಿ, ಸೀರೆ ಎತ್ತಿಕಟ್ಟಿ ತಾನೇ ಹೊತ್ತಳು. ಒಣಗಿದ್ದನ್ನೇ ಆರಿಸಿ, ಒಂದೊಂದು ತುಂಡನ್ನೂ ತಾನೇ ಒಟ್ಟಿದಳು. ಕೆಂಡ ಎಳೆದಳು, ಒರೆಸಿದಳು, ಕೈ ಚಾಚಿದಳು. ಎಂಟು. ಒಂಬತ್ತು. ಹದಿನಾಲ್ಕು. ಕೈ ಬರಲಿಲ್ಲ. ಇದ್ಯಾವ ಕರ್ಮ! ಇನ್ನೂ ಒಳಗೆ ಚಾಚಿದಳು. ಹತ್ತೊಂಬತ್ತು ಎನ್ನುವಾಗ ಏನೋ ಕಮರು ವಾಸನೆ ಮೂಗಿಗೆ ಬಡಿಯಿತು.

"ಏನು ಸುಡ್ತಿದೀಯೋ ಅಲ್ಲಿ?" ಎಂದು ಅಭ್ಯಾಸಬಲದಿಂದ ಕೂಗಿ ತಿರುಗಿದಳು. ಅಲ್ಲಿ ಯಾರೂ ಇರಲಿಲ್ಲ. ಕೈ ಹೊರಗೆಳೆದು ನೋಡಿದಳು. ಬೆರಳ ತುದಿಗಳು ಅಷ್ಟೂ ಹೊತ್ತು ಒಲೆಯ ಇಟ್ಟಿಗೆಗೆ ತಾಗಿಕೊಂಡೇ ಇದ್ದಿರಬೇಕು. ಮೂರು ಬೆರಳಿನ ಚರ್ಮ ಬಿಳಿಚಿ ಸುಲಿದಿತ್ತು. ನೋವು ಮಾತ್ರ ಇರಲಿಲ್ಲ. ಒಲೆಯನ್ನು ಹಾಗೇ ಬಿಟ್ಟು ಆಸ್ಪತ್ರೆಗೆ ನಡೆದಳು.

ಆಸ್ಪತ್ರೆಯ ಡಾಕ್ಟರು ಸಿಡುಕು ಮೋರೆಯವಳು. ಬೆರಳಿಗೆ ಪಟ್ಟಿ ಕಟ್ಟಿ, ರಕ್ತ ಪರೀಕ್ಷೆಗೆ ಕಳಿಸಿ, ಎಡಗೈ ಮುಂದಿಡಿಸಿದಳು. "ಕಣ್ಣು ಮುಚ್ಚಿ. ಕಡ್ಡಿ ತಾಗಿದಾಗೆಲ್ಲ ಹೂಂ ಅನ್ನಿ."

ಎಣಿಕೆಯಕ್ಕ ಕಾದಳು. "ಮುಟ್ಟಿ ತಾಯಿ, ಎಷ್ಟೊತ್ತು ಕೂರಲಿ?"

"ಆರು ಸಲ ಮುಟ್ಟಿ ಆಯ್ತು."

"ಸುಳ್ಳು!" ಎಂದು ಕಣ್ಣು ಬಿಟ್ಟಳು. ಸಣ್ಣ ಕಡ್ಡಿಯೊಂದು ಅವಳ ತೋರುಬೆರಳನ್ನು ಒತ್ತಿ ಬಾಗಿ ನಿಂತಿತ್ತು. ಕಣ್ಣಿಗೆ ಕಾಣುತ್ತಿತ್ತು, ಬೆರಳಿಗೆ ಸುದ್ದಿಯೇ ಇರಲಿಲ್ಲ.

ರಕ್ತದ ಚೀಟಿ ಬಂದ ಮೇಲೆ ಡಾಕ್ಟರು ಸಿಡುಕುತ್ತಲೇ ಬಿಡಿಸಿ ಹೇಳಿದಳು. "ಉಂಡಿದ್ದು ಸಕ್ಕರೆಯಾಗಿ ರಕ್ತಕ್ಕೆ ಬರುತ್ತೆ. ಅದನ್ನ ಒಳಗೆ ತಗೋ ಅಂತ ಜೀವಕೋಶಗಳಿಗೆ ಹೇಳೋದು ಇನ್ಸುಲಿನ್. ಅದು ಬಾಗಿಲು ಬಡಿದರೂ ನಿಮ್ಮ ಜೀವಕೋಶ ಓಗೊಡ್ತಾ ಇಲ್ಲ. ಸಕ್ಕರೆ ರಕ್ತದಲ್ಲೇ ವರ್ಷಗಟ್ಟಲೆ ಸುತ್ತಿ ನರಗಳನ್ನ ಕೆಡಿಸಿದೆ. ಉದ್ದದ ನರ ಮೊದಲು ಕೆಡೋದು, ಅದಕ್ಕೇ ಪಾದದಿಂದ ಶುರು. ಚಪ್ಪಲಿ ಕಳಚಿ ಬೀಳ್ತಿತ್ತಾ? ಇರುವೆ ಹರಿದ ಹಾಗೆ ಆಗ್ತಿತ್ತಾ?"

ಎಣಿಕೆಯಕ್ಕ ತನ್ನ ಪಾದಗಳನ್ನು ನೋಡಿಕೊಂಡಳು.

"ಬಿಸಿ ತಾಗಿದರೆ ಚರ್ಮದ ನರತುದಿ ತಕ್ಷಣ ಸುದ್ದಿ ಕಳಿಸುತ್ತೆ. ಮಿದುಳಿಗೆ ಗೊತ್ತಾಗೋ ಮೊದಲೇ ಬೆನ್ನುಹುರಿ ಕೈಯನ್ನ ಎಳ್ಕೊಳ್ಳುತ್ತೆ. ನಿಮ್ಮ ಬೆರಳಿಂದ ಆ ಸುದ್ದಿ ಹೊರಡ್ತಾನೇ ಇಲ್ಲ. ಕೈ ಸುಡ್ತಾ ಇದ್ದರೂ ತಣ್ಣಗಿದೆ ಅಂತಾನೇ ಅನ್ಸುತ್ತೆ."

"ಅಂದ್ರೆ ಒಲೆ..." ಎಂದಳು ಎಣಿಕೆಯಕ್ಕ. "ಒಲೆ ಕಾದೇ ಇತ್ತಾ?"

"ನಿಮ್ಮ ಒಲೆ ನನಗೇನ್ರೀ ಗೊತ್ತು? ಮಾತ್ರೆ ತಪ್ಪಿಸಬೇಡಿ."

ಒಲೆ ಕಾದೇ ಇತ್ತು. ಸೌದೆಯೆಲ್ಲ ಆ ಒಲೆಯಲ್ಲೇ ಉರಿದಿತ್ತು. ತಮ್ಮ ಒಂದು ತುಂಡೂ ಕದ್ದಿರಲಿಲ್ಲ. ಮನೆವರೆಗೆ ಅವಳ ತಲೆಯಲ್ಲಿ ಇದೇ ಸುತ್ತಿತು. ಛೀ, ನನ್ನ ಬಾಯಿಗೆ ಬೆಂಕಿ ಬೀಳ ಎಂದು ತನ್ನನ್ನೇ ಶಪಿಸಿಕೊಂಡಳು.

ತಮ್ಮ ಈಗ ಮರದ ಡಿಪೋದಲ್ಲಿ ದಿಮ್ಮಿ ಹೊರುತ್ತಿದ್ದ. ಅವಳು ಪಟ್ಟಿ ಕಟ್ಟಿದ ಕೈ ತೋರಿಸಿ ಎಲ್ಲ ಹೇಳಿದಳು. "ತಪ್ಪು ನಂದಲ್ಲ ಕಣೋ, ಕೈದು. ಬಾ."

ಅವನು ಭುಜದ ದಿಮ್ಮಿ ಇಳಿಸಲಿಲ್ಲ. "ಕೈ ಕೆಟ್ಟಿತ್ತು, ಸರಿ. ಒಲೆ ಕಾದಿದೆ ಅಂತ ಮೂರು ತಿಂಗಳಿಂದ ನಾನು ಬಾಯಲ್ಲೇ ಹೇಳ್ತಿದ್ದೆ. ನಿನ್ನ ಕಿವಿಗೂ ರೋಗ ಬಂದಿತ್ತಾ?"

ಅವಳು ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾಲ್ಕು ಜನರ ಮುಂದೆ ಕಳ್ಳ ಅಂದೆ. ಅಲ್ಲ ಅಂತ ಅವರ ಮುಂದೆಯೇ ಹೇಳು."

ಮರುದಿನ ಮಧ್ಯಾಹ್ನ ಅವನು ಬಂದು ಬಾಗಿಲಲ್ಲಿ ನಿಂತ. ಗಿರಾಕಿಗಳ ಎದುರು ಎಣಿಕೆಯಕ್ಕ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. "ನನ್ನ ತಮ್ಮ ಕಳ್ಳನಲ್ಲ. ಕೆಟ್ಟಿದ್ದು ನನ್ನ ಕೈ. ಸುಳ್ಳು ಹೇಳಿದ್ದು ನಾನು." ಯಾರೂ ನಗಲಿಲ್ಲ. ದರ್ಜಿಯ ಹೆಂಡತಿ ಕೂಡ ನಗಲಿಲ್ಲ.

ಅವನು ಒಳಗೆ ಬಂದು ಒಲೆ ಹೊತ್ತಿಸಿದ, ಹೊತ್ತಿಗೆ ಸರಿಯಾಗಿ ಕೆಂಡ ಎಳೆದ, ಒರೆಸಿದ. ಅವಳ ಕೈ ಅಭ್ಯಾಸದಂತೆ ಮುಂದೆ ಹೋಯಿತು. ಅವನು ಕೋಲನ್ನು ಅಡ್ಡ ಹಿಡಿದು ತಡೆದ. ತನ್ನ ಕೈ ಚಾಚಿ ಮನಸ್ಸಿನಲ್ಲೇ ಎಣಿಸಿದ. ಕೈ ತಾನಾಗಿ ಹಿಂದೆ ಬಂತು.

"ಎಂಟು. ಬ್ರೆಡ್ಡು ಇಡಿ, ಯಜಮಾನಿ."

ಅವಳು ಹಲಗೆ ಹಿಡಿದು ಒಂದೊಂದೇ ಬ್ರೆಡ್ಡು ಒಳಗೆ ದೂಡಿದಳು. ಪ್ರತಿ ಸಲವೂ ಅವನು ಅಕ್ಕ ಅಂದಾನೆಂದು ಕಿವಿ ನೆಟ್ಟಗೆ ಮಾಡಿಕೊಂಡಳು. ನಲವತ್ತು ಬ್ರೆಡ್ಡು ಒಳಗೆ ಹೋದವು, ಅವನು ಅನ್ನಲಿಲ್ಲ.