ಬಾವಲಿ ಬೀಳಿಸಿದ ಗೇರುಬೀಜ

“ಬಾವಲಿ ಬೀಳಿಸಿದ ಗೇರುಬೀಜ ಹೆಕ್ಕಬೇಡಿ ದೊಡ್ಡಮ್ಮ, ಕೊರೊನಾ ಬರ್ತದೆ!” ಅಲೆವೂರಿನ ನಮ್ಮ ಬೇಲಿಯಾಚೆಯಿಂದ ಸಂಜೀವಣ್ಣ ಕೂಗಿದ್ದೇ, ದೊಡ್ಡಮ್ಮ ಬುಟ್ಟಿ ಕೆಳಗಿಟ್ಟರು. ಮಣಿಪಾಲದ ಲ್ಯಾಬಿನಲ್ಲಿ ಕೆಲಸ ಮಾಡುವ ನಾನು ಸುಮ್ಮನಿರಲಾರದೆ ಪಾಠ ಶುರುಮಾಡಿದೆ. ವೈರಸ್ಸಿನ ಕೀಲಿಕೈ ಜೀವಕೋಶದ ಬೀಗಕ್ಕೆ ಹೊಂದಿದರಷ್ಟೇ ಅದು ಒಳಗೆ ಹೋಗುತ್ತದೆ, ಎಲ್ಲ ಬಾವಲಿಗಳ ಬೀಗವೂ ಒಂದೇ ಅಲ್ಲ. ಕೊರೊನಾದ ಹತ್ತಿರದ ನೆಂಟರು ಸಿಕ್ಕಿದ್ದು ಹುಳ ತಿನ್ನುವ ಬಾವಲಿಗಳಲ್ಲಿ, ನಮ್ಮ ಗೇರುಹಣ್ಣು ತಿನ್ನುವವುಗಳಲ್ಲಿ ಅಲ್ಲ. ಅದು ಮನುಷ್ಯರಿಗೆ ಬಂದ ದಾರಿಯಂತೂ ಇನ್ನೂ ಖಚಿತವಾಗಿಲ್ಲ. ದೊಡ್ಡಮ್ಮ ನಂಬಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ, ಬಕೆಟ್ ಹಿಡಿದು ನಮ್ಮ ಮರದಡಿ ಬೀಜ ಹೆಕ್ಕುತ್ತಿದ್ದವರು ಸಂಜೀವಣ್ಣ!

“ಎಂತ ಮಾರಾಯ, ನಿನಗೆ ಕೊರೊನಾ ಬರುವುದಿಲ್ವಾ?” ಎಂದರು ದೊಡ್ಡಮ್ಮ.

“ನನಗೆ ಒಮ್ಮೆ ಬಂದು ಹೋಗಿ ಆಗಿದೆ ದೊಡ್ಡಮ್ಮ.”

ಕೊರೊನಾದ ಮೂಲ ಲೋಕಕ್ಕೆ ಇನ್ನೂ ಸಿಕ್ಕಿಲ್ಲ. ಕೊರೊನಾ ಭಯದ ಮೂಲ ಮಾತ್ರ ನಮ್ಮ ದೊಡ್ಡಮ್ಮನಿಗೆ ಬಕೆಟ್ ಸಮೇತ ಸಿಕ್ಕಿತು.