ನಾನಿಛೋರಿಯ ಎರಡು ಅಡಿಕೆ

ನೇಪಾಳದ ಬಂದೀಪುರದ ಬಜಾರಿನಲ್ಲಿ ನಾನಿಛೋರಿಯ ಬಾಯಿಗೆ ಹೆದರದವರಿಲ್ಲ. ಹಿಮಾಲಯ ನೋಡಲೆಂದು ಗುಡ್ಡ ಹತ್ತಿ ಬಂದ ಪ್ರವಾಸಿಗರು ಮಂಜು ಕವಿದ ದಿನ ಅವಳ ಚಹಾದಂಗಡಿಯ ಜಗಲಿಯಲ್ಲಿ ಮುಖ ಸಪ್ಪಗೆ ಮಾಡಿಕೊಂಡು ಕೂತರೆ, "ಬೆಟ್ಟ ಎಲ್ಲೂ ಓಡಿಹೋಗಲ್ಲ, ನಾಳೆ ನೋಡಿ. ಈಗ ಬಾರಾ ಬಿಸಿ ಇದೆ, ತಿನ್ನಿ" ಎಂದು ಉದ್ದಿನ ರೊಟ್ಟಿಯನ್ನು ತಟ್ಟೆಗೆ ಹಾಕಿಬಿಡುವಳು. ಅವಳ ಗಂಡ ಪೂರ್ಣಲಾಲ್ ಪಿಯಾ ಇದಕ್ಕೆ ತದ್ವಿರುದ್ಧ. ಬಂದವರನ್ನು ಊರಂಚಿನ ಬಯಲಿಗೆ ಕರೆದೊಯ್ದು, ಮಂಜಿನ ಕಡೆಗೇ ಕೋಲು ಚಾಚಿ, ಎಡಗಡೆ ಅನ್ನಪೂರ್ಣ, ಬಲಗಡೆ ಮನಾಸ್ಲು ಎಂದು ಒಂದೊಂದನ್ನೂ ಹೆಸರು ಹಿಡಿದು ತೋರಿಸುತ್ತಿದ್ದ. ಅವರೂ ಎಲ್ಲ ಕಂಡವರಂತೆ ತಲೆಯಾಡಿಸಿಕೊಂಡು ಹಿಂದಿರುಗುತ್ತಿದ್ದರು.

ಇಪ್ಪತ್ತನೇ ವಯಸ್ಸಿಗೆ ಗೋರ್ಖಾದಿಂದ ಸೊಸೆಯಾಗಿ ಬಂದವಳು ಅವಳು. ನಮ್ಮ ನೇವಾರರ ಪದ್ಧತಿಯಂತೆ ಗಂಡನ ಮನೆಯ ಪ್ರತಿಯೊಬ್ಬರ ಕೈಗೂ ಹತ್ತು ಹತ್ತು ಅಡಿಕೆ ಇಟ್ಟು ಆ ಮನೆಯವಳಾದಳು. ನಮ್ಮಲ್ಲಿ ಸಂಬಂಧ ಕಟ್ಟುವುದೂ ಅಡಿಕೆಯೇ, ಬಿಡಿಸುವುದೂ ಅಡಿಕೆಯೇ. ಸಂಸಾರ ಸಾಕೆನಿಸಿದ ಹೆಂಗಸು ಗಂಡನ ದಿಂಬಿನ ಕೆಳಗೆ ಎರಡು ಅಡಿಕೆ ಇಟ್ಟು ಹೊರಟರೆ ಮುಗಿಯಿತು, ಯಾವ ಪಂಚಾಯಿತಿಯೂ ಬೇಕಿಲ್ಲ. ಗಂಡ ಸತ್ತಾಗ ಹೆಣದ ಮೇಲೆ ಇಟ್ಟರೂ ಅಷ್ಟೇ. ಅವಳಿಗೆ ಸೂತಕವಿಲ್ಲ, ವರ್ಷದ ಬಿಳಿ ಸೀರೆಯಿಲ್ಲ. ಈಗೀಗ ಹಾಗೆ ಇಡುವವರು ಕಡಿಮೆ, ಆದರೆ ಗೊತ್ತಿಲ್ಲದವರು ಯಾರೂ ಇಲ್ಲ.

ನಾನಿಛೋರಿ ಮದುವೆಯಾದ ಮೂರನೇ ವರ್ಷವೇ ಇಟ್ಟಳು. ಕೆಳಗೆ ಹೆದ್ದಾರಿಯಾಗಿ, ಬಜಾರಿನ ಬಟ್ಟೆ ವ್ಯಾಪಾರಿಗಳೆಲ್ಲ ಬಾಗಿಲೆಳೆದುಕೊಂಡು ಕೆಳಗಿನ ಬಯಲಿನ ಪೇಟೆ ನಾರಾಯಣಗಢಕ್ಕೆ ಇಳಿಯುತ್ತಿದ್ದ ಕಾಲ ಅದು. ಪೂರ್ಣಲಾಲ್ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಅಲ್ಲಿ ಕಿಟಕಿ ತೆಗೆದ್ರೆ ಎದುರುಮನೆ ಗೋಡೆ ಕಾಣುತ್ತೆ ಕಣೇ."

"ಹಾಗಾದ್ರೆ ಬೆಟ್ಟಾನೇ ಬೇಯಿಸ್ಕೊಂಡು ತಿನ್ನಿ" ಎಂದವಳೇ ದಿಂಬಿನ ಕೆಳಗೆ ಎರಡು ಅಡಿಕೆ ತುರುಕಿ ತವರಿಗೆ ನಡೆದುಬಿಟ್ಟಳು.

ಐದನೇ ದಿನ ಪೂರ್ಣಲಾಲ್ ಗೋರ್ಖಾದ ತವರುಮನೆಯ ಬಾಗಿಲಲ್ಲಿ ನಿಂತಿದ್ದ. ಎರಡು ದಿನ ನಡೆದು ಕಾಲಿನಲ್ಲಿ ಬೊಬ್ಬೆ ಎದ್ದಿದ್ದವು. ಅಂಗೈಯಲ್ಲಿ ಅವೇ ಎರಡು ಅಡಿಕೆ.

"ದಿಂಬಿನ ಕೆಳಗೆ ಮರೆತು ಬಂದಿದೀಯ" ಅಂದ.

"ಮರೆತದ್ದಲ್ಲ."

"ಗೊತ್ತು. ನನ್ ಹತ್ರಾನೇ ಇರ್ಲಿ ಬಿಡು. ನಿಜವಾಗ್ಲೂ ಬೇಕಾದಾಗ ಕೇಳು, ಕೊಡ್ತೀನಿ."

ಇಂಥವನ ಹತ್ತಿರ ಜಗಳವಾಡುವುದಾದರೂ ಹೇಗೆ. ಅವಳು ಚಪ್ಪಲಿ ಮೆಟ್ಟಿಕೊಂಡು ಅವನ ಹಿಂದೆಯೇ ಬಂದಳು. ಆಮೇಲಿನ ಮೂವತ್ತೆಂಟು ವರ್ಷ ಆ ಅಡಿಕೆಗಳು ಅವನ ಅಂಗಿಯ ಜೇಬಿನಿಂದ ಜೇಬಿಗೆ ದಾಟಿಕೊಂಡೇ ಬಂದವು. ಮಕ್ಕಳಾಗಲಿಲ್ಲ. ಜಗಳಗಳು ಬೇಕಾದಷ್ಟಾದವು. ಪ್ರತಿ ಸಲವೂ ಅವನು ಜೇಬು ಅಲ್ಲಾಡಿಸಿ, "ಕೊಡ್ಲಾ?" ಅನ್ನುವುದು, ಅವಳು "ಇಟ್ಕೊಳ್ಳಿ, ನಂಗೆ ಬೇಳೆ ರುಬ್ಬೋದಿದೆ" ಅನ್ನುವುದು.

ಈ ವರ್ಷ ದಸರೆ ಕಳೆದ ಮೇಲೆ ಪೂರ್ಣಲಾಲ್ ಹಾಸಿಗೆಯಿಂದ ಏಳಲಿಲ್ಲ. ಒಂದು ಮಧ್ಯಾಹ್ನ ತಾನಾಗಿಯೇ ಅಡಿಕೆಗಳನ್ನು ಅವಳ ಕೈಗಿಟ್ಟ.

"ನಾನು ಹೋದಾಗ ಎದೆ ಮೇಲೆ ಇಟ್ಬಿಡು."

"ಹುಚ್ಚು ಮಾತಾಡ್ಬೇಡಿ."

"ಅತ್ತಿಗೇನ ನೋಡಿದೀನಲ್ಲ. ಅಣ್ಣ ಸತ್ತಾಗ ವರ್ಷವಿಡೀ ಮೂಲೇಲಿ ಕೂತೋರು ಆಮೇಲೆ ಸರಿಯಾಗಿ ಏಳ್ಲೇ ಇಲ್ಲ. ನಿನ್ನ ಬಾಯಿ ಮುಚ್ಚಿಹೋದ್ರೆ ಈ ಬಜಾರಲ್ಲಿ ಇನ್ನೇನಿದೆ? ಆಣೆ ಹಾಕು."

ಬದುಕಿನುದ್ದಕ್ಕೂ ಅವನ ಒಂದು ಮಾತನ್ನೂ ನೆಟ್ಟಗೆ ಕೇಳದವಳು ಇದೊಂದಕ್ಕೆ ಆಣೆ ಹಾಕಿದಳು.

ಮೂರನೇ ದಿನ ಬೆಳಿಗ್ಗೆ ಅವನು ಹೋದ. ಅವತ್ತು ಮಂಜಿನ ಸುಳಿವಿರಲಿಲ್ಲ, ಬೆಟ್ಟಗಳೆಲ್ಲ ಬೆಳ್ಳಗೆ ಎದ್ದು ನಿಂತಿದ್ದವು. ಚಟ್ಟ ಎತ್ತುವ ಮೊದಲು ಅವನು ಹೇಳಿದ್ದ ಆ ಅತ್ತಿಗೆ, ಓರಗಿತ್ತಿ ಮೋತಿಶೋಭಾ ಅವಳ ಮಣಿಕಟ್ಟು ಹಿಡಿದುಕೊಂಡಳು.

"ಯೋಚ್ನೆ ಮಾಡು ತಂಗಿ. ಒಂದ್ಸಲ ಇಟ್ಟ ಮೇಲೆ ನೀನು ಇವನಿಗೆ ಏನೂ ಅಲ್ಲ."

"ಅವರೇ ಕೇಳಿದ್ದು ಅಕ್ಕ."

ಅವನ ಹೆಬ್ಬೆರಳು ಸವರಿ ಸವರಿ ಅಡಿಕೆಗಳು ನುಣ್ಣಗಾಗಿದ್ದವು. ಎದೆಯ ಮೇಲಿಟ್ಟ ಮೇಲೆ ಅವಳಿಗೆ ಕೈ ತೆಗೆಯಲಾಗಲಿಲ್ಲ. ಕೊಳ್ಳಿಯಿಡಬೇಕಾಗಿದ್ದ ಮೋತಿಶೋಭಾಳ ಮಗ, "ಚಿಕ್ಕಮ್ಮ, ಹೊತ್ತಾಯ್ತು" ಅಂದ ಮೇಲೆ ತೆಗೆದಳು.

ಮಹಡಿಯಲ್ಲಿ ಮೋತಿಶೋಭಾ ಮತ್ತು ಮಗ ಸೂತಕಕ್ಕೆ ಕೂತರು. ಕೆಳಗೆ ನಾನಿಛೋರಿ ತನ್ನ ಹಸಿರು ಸೀರೆಯಲ್ಲೇ ಉಳಿದಳು. ಮಾತನಾಡಿಸಲು ಬಂದ ನೆರೆಹೊರೆಯವರು ಅವಳನ್ನು ಕಂಡು ಕಣ್ಣು ತಗ್ಗಿಸಿ, "ಮೇಲಿದಾರಾ?" ಅಂತ ಕೇಳುವರು. ಅವಳು ಮೊಣಕಾಲು ಸರಿಸಿ ದಾರಿ ಬಿಡುವಳು. ಅಡಿಕೆ ಇಟ್ಟವಳಿಗೆ ಏನೆಂದು ಸಮಾಧಾನ ಹೇಳಬೇಕೋ ಪಾಪ ಅವರಿಗೂ ತಿಳಿಯದು. ಮೇಲಿನಿಂದ ಅಳು ಕೇಳುತ್ತಿತ್ತು. ಮಂಜಿನಲ್ಲಿ ಮನಾಸ್ಲು ತೋರಿಸಿದ್ದನ್ನು ಯಾರೋ ನೆನೆದು ನಗುವುದೂ ಕೇಳುತ್ತಿತ್ತು. ಆ ಕಥೆಗಳನ್ನೆಲ್ಲ ಅವರಿಗಿಂತ ಚೆನ್ನಾಗಿ ಅವಳು ಹೇಳಬಲ್ಲಳು, ಆದರೆ ಕರೆಯುವವರಿಲ್ಲ. ಅವನು ತಪ್ಪಿಸಿದ್ದು ಬಿಳಿ ಸೀರೆಯೊಂದನ್ನೇ, ದುಃಖವನ್ನಲ್ಲ. ಅದನ್ನು ಎಲ್ಲಿ ಕೂತು ಅಳಬೇಕೆಂದು ಪುಣ್ಯಾತ್ಮ ಹೇಳಿಹೋಗಿರಲಿಲ್ಲ.

ಏಳನೇ ದಿನ ಸತ್ತವನಿಗೆ ಎಡೆ. ನಾನಿಛೋರಿ ಬೆಳಿಗ್ಗೆಯೇ ಬೇಳೆ ರುಬ್ಬಿ, ಅವನಿಗೆ ಬೇಕಾದಂತೆ ಅಂಚು ಸೀಯಿಸಿ ಬಾರಾ ಮಾಡಿದಳು. ತಟ್ಟೆ ಹಿಡಿದು ಮೆಟ್ಟಿಲು ಹತ್ತಿದಳು. ಮೇಲಿನ ಮೆಟ್ಟಿಲಲ್ಲಿ ಮೋತಿಶೋಭಾ ಅಡ್ಡ ನಿಂತಳು. ಅವಳ ಕಣ್ಣಲ್ಲೂ ನೀರಿತ್ತು.

"ನಿನ್ನ ಕೈಯಡುಗೆ ಇಡೋ ಹಾಗಿಲ್ಲ ತಂಗಿ."

"ಸರಿ, ಹಾಗಾದ್ರೆ ಅಡಿಕೆ ವಾಪಸ್ ತಗೋತೀನಿ. ನಂಗೂ ಬಿಳಿ ಸೀರೆ ಕೊಡಿ, ಕೂತ್ಕೋತೀನಿ."

"ಎಲ್ಲಿಂದ ತಗೋತೀಯ ತಾಯಿ? ಅವನ ಜೊತೇಲೇ ಸುಟ್ಟುಹೋಯ್ತಲ್ಲ."

ಕೆಳಗೆ ಅಂಗಡಿಯ ಮುಂದೆ ಯಾರೋ ಪ್ರವಾಸಿಗರು ಎದುರಿಗೆ ಕಾಣುವ ಬೆಟ್ಟದ ಹೆಸರೇನೆಂದು ಕೂಗಿ ಕೇಳಿದರು. ಅವಳು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲಲ್ಲೇ ಕೂತಳು.

"ಆವತ್ತು ಗೋರ್ಖಾವರೆಗೂ ನಡ್ಕೊಂಡು ವಾಪಸ್ ತಂದ್ರು ಅಕ್ಕ" ಅಂದಳು. "ಈಗ ಯಾರು ತಂದುಕೊಡ್ತಾರೆ?"